ಎಂಟು ಜನ, ಮೂರು ಸಣ್ಣ ಕೆರೆ: ಒಂದು ಫ್ಲೈ ಫಿಶಿಂಗ್ ಟ್ರಿಪ್ ಪ್ಲಾನ್ ಮಾಡಿದ ಪ್ರಕರಣ

ಫ್ಲೈ ಫಿಶಿಂಗ್ ಅಂದ್ರೆ ಕೊಕ್ಕೆಗೆ ನೂಲು, ಗರಿ ಕಟ್ಟಿ ಹುಳದ ಥರ ಮಾಡಿದ ಫ್ಲೈಯನ್ನ ಭಾರದ ಲೈನಿಂದ ಎಸೆದು ಮೀನು ಹಿಡಿಯೋದು. ಈ ಟ್ರಿಪ್ ಪ್ಲಾನ್ ಮಾಡಿದ್ದು ನಾನು. ಮೊದಲನೇ ದಿನ ಅದು ಹಳಿ ತಪ್ಪಿದ್ದೂ ನಾನು ಹಾಕಿದ್ದ ಪ್ಲಾನಿಂದಾನೇ, ಆಮೇಲೆ ಸರಿಹೋಗಿದ್ದು ಎಂಟೂ ಜನ ರಾತ್ರಿ ಕೂತು ಅದನ್ನ ಬಿಚ್ಚಿ ಮತ್ತೆ ಕಟ್ಟಿದ್ರಿಂದ. ಸಣ್ಣ ಕೆರೆಗೆ ಗುಂಪು ಕಟ್ಕೊಂಡು ಹೋಗೋರು ಬಹಳಷ್ಟು ಜನ ಇದೇ ತಪ್ಪು ಮಾಡ್ತಾರೆ ಅಂತ ನನಗೆ ಅನ್ಸುತ್ತೆ, ಅದಕ್ಕೇ ನಡೆದಿದ್ದನ್ನ ನಡೆದ ಹಾಗೇ, ನೋಟ್‌ಬುಕ್ಕಲ್ಲಿ ಬರ್ಕೊಂಡಿದ್ದ ಅಳತೆಗಳ ಸಮೇತ ಬರೀತಾ ಇದ್ದೀನಿ.

ನಮ್ಮಲ್ಲಿ ಮೂರು ಜನಕ್ಕೆ ಫ್ಲೈ ಫಿಶಿಂಗ್ ಹಳೇ ಅಭ್ಯಾಸ, ಮೂರು ಜನ ನದಿಯಲ್ಲಿ ಒಂದಷ್ಟು ಮಾಡಿದ್ರು ಆದ್ರೆ ನಿಂತ ನೀರಿಗೆ ಹೊಸಬರು, ಇನ್ನಿಬ್ಬರು ಫ್ಲೈ ರಾಡ್ ಕೈಯಲ್ಲಿ ಹಿಡಿದೇ ಇರ್ಲಿಲ್ಲ. ಒಬ್ಬರಿಗೆ ಮಂಡಿ ನೋವು, ಏರು ಹತ್ತೋ ಹಾಗಿಲ್ಲ. ಒಬ್ಬ ಎಡಗೈಯವನು, ಅದು ಯಾಕೆ ಮುಖ್ಯ ಅಂತ ಮುಂದೆ ಗೊತ್ತಾಗುತ್ತೆ. ಇದ್ದಿದ್ದು ಮೂರು ದಿನ, ಮೂರು ಕೆರೆ, ಮೂರರಲ್ಲೂ ರೇನ್‌ಬೋ ಟ್ರೌಟ್ ಅನ್ನೋ ತಣ್ಣೀರಿನ ಮೀನು. ನಮ್ಮ ಅನುಕೂಲಕ್ಕೆ ನಾವೇ ಹೆಸರಿಟ್ಕೊಂಡಿದ್ವಿ: ರಸ್ತೆ ಕೆರೆ, ಕಾಡು ಕೆರೆ, ಮೇಲಿನ ಕೆರೆ. ರಸ್ತೆ ಕೆರೆ ಸುಮಾರು 4 ಹೆಕ್ಟೇರ್, ಗಾಡಿ ನಿಲ್ಲಿಸಿ ನಾಲ್ಕು ಹೆಜ್ಜೆ ಹಾಕಿದ್ರೆ ನೀರು, ಎಲ್ಲೂ 4.5 ಮೀಟರ್‌ಗಿಂತ ಆಳ ಇಲ್ಲ, ಒಂದು ಬದಿ ಪೂರ್ತಿ ಜೊಂಡು. ಕಾಡು ಕೆರೆ ಒಂದೂವರೆ ಹೆಕ್ಟೇರ್ ಅಷ್ಟೇ, ಮರಗಳು ನೀರಿನ ಮೇಲೇ ಬಾಗಿವೆ. ಮೇಲಿನ ಕೆರೆಗೆ 40 ನಿಮಿಷ ಏರಬೇಕು, ಎರಡೂವರೆ ಹೆಕ್ಟೇರ್, ಸುತ್ತ ಬಂಡೆ, ಕಣ್ಣೀರಿನಷ್ಟು ತಿಳಿ ನೀರು.

ಎರಡು ವಾರ ಮುಂಚೆ ನಾನೂ ಇನ್ನೊಬ್ಬನೂ ಹೋಗಿ ಮೂರೂ ಕೆರೆ ನೋಡ್ಕೊಂಡು ಬಂದಿದ್ವಿ. ಈ ಕೆಲಸ ಮಾತ್ರ ಚೆನ್ನಾಗೇ ಮಾಡಿದ್ವಿ ಅಂತ ಈಗ್ಲೂ ಧೈರ್ಯವಾಗಿ ಹೇಳ್ತೀನಿ. ದಾರಕ್ಕೆ ಥರ್ಮಾಮೀಟರ್ ಕಟ್ಟಿ ಮೇಲೆ, 2 ಮೀಟರ್ ಕೆಳಗೆ, ತಳದಲ್ಲಿ ಅಂತ ಮೂರು ಕಡೆ ಬಿಸಿ ನೋಡಿದ್ವಿ. ಒಂದು ಸೆಕ್ಕಿ ಡಿಸ್ಕ್ ಮಾಡ್ಕೊಂಡಿದ್ವಿ, ಅಂದ್ರೆ 20 ಸೆಂಟಿಮೀಟರ್ ಅಗಲದ ಕಪ್ಪು ಬಿಳುಪಿನ ತಟ್ಟೆ, ಅದನ್ನ ನೀರಿಗೆ ಇಳಿಬಿಟ್ಟು ಎಷ್ಟು ಆಳದಲ್ಲಿ ಕಣ್ಣಿಗೆ ಮರೆಯಾಗುತ್ತೆ ಅಂತ ನೋಡೋದು. ಇಟಲಿಯ ಪಾದ್ರಿ ಆಂಜೆಲೊ ಸೆಕ್ಕಿ 1865ರಲ್ಲಿ ಶುರುಮಾಡಿದ ವಿಧಾನ ಇದು, ಇವತ್ತಿಗೂ ಕೆರೆ ಅಧ್ಯಯನ ಮಾಡೋರು ಬಿಟ್ಟಿಲ್ಲ. ಮೀನು ಹಿಡಿಯೋರಿಗೆ ಇದ್ಯಾಕೆ ಬೇಕು ಅಂದ್ರೆ, ಬೆಳಕು ತಳ ಮುಟ್ಟೋ ಕಡೆ ಗಿಡ ಬೆಳೆಯುತ್ತೆ, ಗಿಡ ಇರೋ ಕಡೆ ಹುಳ, ಹುಳ ಇರೋ ಕಡೆ ಟ್ರೌಟ್. ತಟ್ಟೆ ಮರೆಯಾದ ಆಳದ ಸುಮಾರು ಎರಡು ಪಟ್ಟಿನವರೆಗೆ ಗಿಡಕ್ಕೆ ಸಾಕಾಗೋ ಬೆಳಕು ಸಿಗುತ್ತೆ ಅಂತ ಒಂದು ಅಂದಾಜು ಇದೆ. ರಸ್ತೆ ಕೆರೆಯಲ್ಲಿ ತಟ್ಟೆ 2.3 ಮೀಟರ್‌ಗೆ ಮರೆಯಾಯ್ತು, ಅಂದ್ರೆ ಆ ಕೆರೆ ಪೂರ್ತಿ ಊಟದ ತಟ್ಟೆ ಇದ್ದಂಗೆ. ಮೇಲಿನ ಕೆರೆಯಲ್ಲಿ ದಡದಿಂದ ಎಸೆದಷ್ಟು ದೂರಕ್ಕೂ ತಟ್ಟೆ ಕಾಣ್ತಾನೇ ಇತ್ತು, ಅಷ್ಟು ತಿಳಿ, ಹಾಗಾಗಿ ಅಲ್ಲಿ ನಮಗೆ ಮೀನು ಕಂಡ್ರೆ ಮೀನಿಗೂ ನಾವು ಕಾಣ್ತೀವಿ.

ದಡ ಸುತ್ತ ಹೆಜ್ಜೆ ಹಾಕಿ ಅಳೆದಿದ್ವಿ ಕೂಡ. ರಸ್ತೆ ಕೆರೆ ಸುತ್ತಳತೆ 900 ಮೀಟರ್ ಆಸುಪಾಸು, ಅದರಲ್ಲಿ ಹಿಂದೆ ಮರ ಪೊದೆ ಇಲ್ಲದೆ ಆರಾಮಾಗಿ ಬ್ಯಾಕ್‌ಕಾಸ್ಟ್ (ಎಸೆಯೋ ಮುಂಚೆ ಲೈನನ್ನ ಹಿಂದಕ್ಕೆ ಬೀಸೋದು) ಮಾಡೋಕೆ ಆಗೋದು ಬರೀ 250 ಮೀಟರ್. ಕಾಡು ಕೆರೆಯಲ್ಲಿ ಅಂಥ ಜಾಗ ಇಲ್ಲವೇ ಇಲ್ಲ, ಫ್ಲೋಟ್ ಟ್ಯೂಬಲ್ಲಿ, ಅಂದ್ರೆ ಗಾಳಿ ತುಂಬಿದ, ಕಾಲು ಬಡಿದು ಓಡಿಸೋ ತೇಲೋ ಸೀಟಲ್ಲಿ, ಕೂತ್ಕೊಂಡು ನೀರಿಗೇ ಇಳೀಬೇಕು. ಮೇಲಿನ ಕೆರೆಯಲ್ಲಿ 300 ಮೀಟರ್ ಬಂಡೆ ದಡ ತೆರೆದಿದೆ. ಈ ಅಂಕಿಗಳೆಲ್ಲ ಪ್ಲಾನ್ ಬರೆಯೋ ಹೊತ್ತಿಗೆ ನನ್ನ ನೋಟ್‌ಬುಕ್ಕಲ್ಲೇ ಇದ್ವು, ಆದ್ರೆ ಅವನ್ನ ಎಂಟರಿಂದ ಭಾಗಿಸಿ ನೋಡ್ಬೇಕು ಅಂತ ನನಗೆ ಹೊಳೀಲಿಲ್ಲ.

ಮೊದಲ ಪ್ಲಾನ್ ತುಂಬ ಸರಳ. ಮೊದಲ ದಿನ ಎಲ್ಲರೂ ರಸ್ತೆ ಕೆರೆ, ಎರಡನೇ ದಿನ ಎಲ್ಲರೂ ಕಾಡು ಕೆರೆ, ಮೂರನೇ ದಿನ ಎಲ್ಲರೂ ಮೇಲಿನ ಕೆರೆ. ಯಾಕೆ ಹಾಗೆ ಅಂದ್ರೆ ಗುಂಪಾಗಿ ಹೋಗೋದೇ ಒಟ್ಟಿಗಿರೋಕೆ ತಾನೇ, ಹೊಸಬರಿಗೆ ಸುತ್ತ ಹಳಬರು ಇರ್ತಾರೆ, ಒಂದೇ ಗಾಡಿ, ಒಂದೇ ಟೈಮು, ಯಾರೂ ತಪ್ಪಿಸ್ಕೊಳ್ಳಲ್ಲ. ಸುಲಭದ ಕೆರೆ ಮೊದಲು, ಕಷ್ಟದ್ದು ಕೊನೆಗೆ. ಓದಿದವರೆಲ್ಲ ಚೆನ್ನಾಗಿದೆ ಅಂದ್ರು. ಪರ್ಮಿಟ್, ಲೈಸೆನ್ಸ್ ವಿಷಯ ಬೇಗ ಮುಗೀತು, ಪ್ರತಿಯೊಬ್ಬರದ್ದೂ ಬೇರೆ ಬೇರೆ ಮಾಡಿಸಿದ್ವಿ, ಮೂರು ಕೆರೆಗೂ ನಿಯಮ ಬೇರೆ ಬೇರೆ ಇದ್ವು ಅದನ್ನ ಒಂದು ಹಾಳೆಯಲ್ಲಿ ಬರೆದು ಎಲ್ಲರಿಗೂ ಕಳಿಸಿದ್ವಿ, ಮೇಲಿನ ಕೆರೆಯಲ್ಲಿ ತೇಲೋ ಯಾವ ಸಾಮಾನೂ ಇಳಿಸೋ ಹಾಗಿಲ್ಲ ಅನ್ನೋದು ಅದರಲ್ಲೇ ಇತ್ತು.

ಮೊದಲ ದಿನ ಬೆಳಗ್ಗೆ ಆರಕ್ಕೆ ನೀರು 13.5 ಡಿಗ್ರಿ. ರೇನ್‌ಬೋ ಟ್ರೌಟ್ ಚುರುಕಾಗಿ ತಿನ್ನೋದು 10ರಿಂದ 16 ಡಿಗ್ರಿ ಒಳಗೆ, ಹಾಗಾಗಿ ಇದಕ್ಕಿಂತ ಒಳ್ಳೆ ಬೆಳಗ್ಗೆ ಬೇಡಿದ್ರೂ ಸಿಗಲ್ಲ. ಇಬ್ಬರು ಟ್ಯೂಬ್ ಹಾಕ್ಕೊಂಡು ನೀರಿಗಿಳಿದ್ರು, ಎಡಗೈಯವನು ಆ ಕಡೆ ಮೂಲೆಗೆ ನಡ್ಕೊಂಡು ಹೋದ, ನಾನೂ ಸೇರಿ ಉಳಿದ ಐದು ಜನ ಹುಲ್ಲಿನ ದಡದಲ್ಲಿ ಸಾಲಾಗಿ ನಿಂತ್ವಿ. ಗಾಳಿ ಬೆನ್ನಿಗಿತ್ತು, ಲೈನ್ ತಾನಾಗೇ ಹಾರ್ತಾ ಇತ್ತು, ಎಸೆಯೋಕೆ ಅದಕ್ಕಿಂತ ಸುಖ ಇಲ್ಲ. ಎಂಟೂವರೆಯೊಳಗೆ ಐದು ಮೀನು ಬಂದ್ವು, ಎಲ್ಲರಿಗೂ ಖುಷಿಯೋ ಖುಷಿ. ಆಮೇಲೆ ಕೆರೆ ಬಾಗಿಲು ಹಾಕಿದಂಗಾಯ್ತು. ಸಂಜೆವರೆಗೂ ಎಂಟು ಜನಕ್ಕೆ ಸೇರಿ ಇನ್ನೊಂದೇ ಮೀನು.

ಏನಾಯ್ತು ಅಂತ ಆಗ ಅರ್ಥ ಆಗ್ಲಿಲ್ಲ, ಫ್ಲೈ ಬದಲಾಯಿಸಿದ್ವಿ, ಆಳ ಬದಲಾಯಿಸಿದ್ವಿ, ಲೀಡರ್ (ಲೈನಿಗೂ ಫ್ಲೈಗೂ ನಡುವಿನ ತೆಳು ದಾರ) ಉದ್ದ ಮಾಡಿದ್ವಿ. ಕಾರಣ ಕಾಲ ಬುಡದಲ್ಲೇ ಇತ್ತು. ನದಿಯಲ್ಲಿ ಮೀನು ಒಂದು ಕಡೆ ನಿಲ್ಲುತ್ತೆ, ಹರಿಯೋ ನೀರು ಅದಕ್ಕೆ ಊಟ ತಂದುಕೊಡುತ್ತೆ. ಕೆರೆಯಲ್ಲಿ ನೀರು ನಿಂತಿರುತ್ತೆ, ಹಾಗಾಗಿ ಮೀನೇ ಊಟ ಹುಡುಕ್ಕೊಂಡು ಸುತ್ತಬೇಕು, ದಡದ ಪಕ್ಕ, ಜೊಂಡಿನ ಅಂಚಲ್ಲಿ, ತಳ ಇಳಿಜಾರಾಗೋ ಜಾಗದಲ್ಲಿ, ಒಂದು ದಾರಿ ಹಿಡಿದು ಹೋಗಿ ಬಂದು ಮಾಡುತ್ತೆ. ಆ ದಾರಿಯಲ್ಲಿ ಐದು ಜನ ಮಂಡಿಯುದ್ದ ನೀರಲ್ಲಿ ನಿಂತು ಕೆಸರು ಕಲಕಿದ್ರೆ, ಇಬ್ಬರು ಮೇಲಿಂದ ತೇಲಿಕೊಂಡು ಬಂದ್ರೆ, ಮೀನು ಇನ್ಯಾವ ದಾರೀಲಿ ಹೋಗ್ಬೇಕು? ಅವು ನಡು ಕೆರೆಗೆ ಸರಿದು ಸುಮ್ಮನಾದ್ವು. ದೊಡ್ಡ ಜಲಾಶಯ ಆಗಿದ್ರೆ ಎಂಟು ಜನ ಅನ್ನೋದು ಲೆಕ್ಕಕ್ಕೇ ಇರ್ತಿರ್ಲಿಲ್ಲ, 4 ಹೆಕ್ಟೇರಲ್ಲಿ ಎಂಟು ಜನ ಅಂದ್ರೆ ಮನೆ ತುಂಬ ನೆಂಟರು.

ಆ ದಿನ ಇನ್ನೆರಡು ವಿಷಯ ಆಯ್ತು. ಸಾಲಿನಲ್ಲಿ ಒಬ್ಬರಿಗೊಬ್ಬರಿಗೆ ಹತ್ತು ಹನ್ನೆರಡು ಮೀಟರ್ ಅಂತರ ಇತ್ತು ಅಷ್ಟೇ, ಹೊಸಬರೊಬ್ಬರ ಬ್ಯಾಕ್‌ಕಾಸ್ಟ್ ಗಾಳಿಗೆ ವಾಲಿ ಫ್ಲೈ ಬಂದು ಪಕ್ಕದವರ ಕೈ ಹಿಂಭಾಗಕ್ಕೆ ಚುಚ್ಚಿಕೊಳ್ತು. ಗಾಡಿ ಹತ್ರಾನೇ ಎಲ್ಲ ಗಾಳಗಳ ಕೊಕ್ಕೆಯ ಮುಳ್ಳನ್ನ ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿಸಿದ್ದೆ, ಹಾಗಾಗಿ ಬಂದ ದಾರೀಲೇ ಹಿಂದಕ್ಕೆ ಎಳೆದ ತಕ್ಷಣ ಬಂತು, ಒಂದು ಹನಿ ರಕ್ತ. ಆದ್ರೆ ಅದು ಕಣ್ಣಾಗಿದ್ರೆ? ಕನ್ನಡಕ ಹಾಕ್ದೆ ಯಾರೂ ರಾಡ್ ಜೋಡಿಸೋ ಹಾಗಿಲ್ಲ ಅಂತ ಮೊದಲೇ ಹೇಳಿದ್ದೆ, ಆ ನಿಯಮಕ್ಕೆ ನಾನು ಈಗ ಇನ್ನೂ ಗಟ್ಟಿಯಾಗಿ ಅಂಟ್ಕೊಂಡಿದ್ದೀನಿ.

ಎರಡನೇದು, ಆ ದಿನದ ಆರು ಮೀನಲ್ಲಿ ಮೂರು ಬಂದಿದ್ದು ಒಬ್ಬನೇ ಆ ಕಡೆ ಮೂಲೆಗೆ ಹೋಗಿದ್ದ ಎಡಗೈಯವನಿಗೆ. ಅಲ್ಲಿ ಗಾಳಿ ಬಲದಿಂದ ಹೊಡೀತಾ ಇತ್ತು, ಬಲಗೈಯಲ್ಲಿ ಎಸೆಯೋರಿಗೆ ಅಂಥ ಗಾಳಿ ಲೈನನ್ನ ಮೈಮೇಲೇ ತಂದು ಹಾಕುತ್ತೆ ಅಂತ ನಾವ್ಯಾರೂ ಹೋಗಿರ್ಲಿಲ್ಲ, ಅವನಿಗೆ ಅದೇ ಗಾಳಿ ಲೈನನ್ನ ಮೈಯಿಂದ ಆಚೆ ತಳ್ತಾ ಇತ್ತು. ಗಾಳಿ ಯಾವ ದಡಕ್ಕೆ ಬಡಿಯುತ್ತೋ ನೀರಿನ ಮೇಲಿನ ಹುಳ, ತೊಗಟೆ, ಬಿಸಿ ಮೇಲ್ನೀರು ಎಲ್ಲ ಅಲ್ಲಿಗೇ ಹೋಗಿ ಸೇರುತ್ತೆ, ಮೀನೂ ಅಲ್ಲಿಗೇ ಹೋಗುತ್ತೆ. ನಮಗೆ ಸುಖ ಇದ್ದ ದಡ ಮೀನಿಗೆ ಬರಿದಾದ ದಡ ಆಗಿತ್ತು.

ರಾತ್ರಿ ಕೂತಾಗ ಯಾರೂ ಮುಖ ಸಪ್ಪೆ ಮಾಡ್ಕೊಂಡಿರ್ಲಿಲ್ಲ, ಆದ್ರೆ ಮಂಡಿ ನೋವಿನ ಗೆಳೆಯ ಒಂದು ಪ್ರಶ್ನೆ ಕೇಳಿದ: ನಾಳೆ ಕಾಡು ಕೆರೆಗೆ ಎಂಟು ಜನ ಹೋದ್ರೆ ನಾವು ನಿಲ್ಲೋದೆಲ್ಲಿ? ನಾನು ನೋಟ್‌ಬುಕ್ ತೆಗೆದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಚಿಕ್ಕಂದಿನಿಂದ ಕೇಳ್ಕೊಂಡೇ ಬಂದಿದ್ದೀವಿ, ಹಾಸಿಗೆ ಅಳತೆ ಕೈಯಲ್ಲೇ ಇಟ್ಕೊಂಡು ನಾನು ಕಾಲಿನ ಲೆಕ್ಕ ಮಾತ್ರ ಮಾಡಿದ್ದೆ. ಅವತ್ತು ರಾತ್ರಿ ಲೆಕ್ಕ ತಿರುಗಿಸಿದ್ವಿ. ಕೆರೆಯಲ್ಲಿ ಮೀನು ಸುತ್ತುತ್ತೆ ಅಂದ್ಮೇಲೆ ಒಬ್ಬರಿಗೆ ನಿಲ್ಲೋ ಜಾಗ ಅಷ್ಟೇ ಅಲ್ಲ, ಎರಡೂ ಕಡೆ ಸರಿಯೋಕೆ ಜಾಗ, ಅವರು ಕಲಕಿದ ನೀರು ಮತ್ತೆ ಶಾಂತವಾಗೋಕೆ ಜಾಗ ಬೇಕು. ಒಬ್ಬರಿಗೆ 60 ಮೀಟರ್ ತೆರೆದ ದಡ ಅಂತ ಇಟ್ಕೊಂಡ್ವಿ. 250 ಮೀಟರ್ ಇರೋ ರಸ್ತೆ ಕೆರೆಗೆ ನಾಲ್ಕು ಜನ. ಕಾಡು ಕೆರೆಗೆ ಎರಡು ಟ್ಯೂಬ್, ಮೂರನೇದು ಇಳಿದ್ರೆ ಒಬ್ಬರ ಲೈನ್ ಇನ್ನೊಬ್ಬರ ಕಾಲಿಗೆ. ಮೇಲಿನ ಕೆರೆಗೆ 300 ಮೀಟರ್ ಲೆಕ್ಕದಲ್ಲಿ ಐದು ಬರುತ್ತೆ ಆದ್ರೆ ನೀರು ಅಷ್ಟು ತಿಳಿ ಇರೋದ್ರಿಂದ ಇಬ್ಬರೇ. ನಾಲ್ಕು, ಎರಡು, ಎರಡು. ಕೂಡಿದ್ರೆ ಎಂಟು! ಮೂರೂ ಕೆರೆಗೆ ಒಂದೇ ದಿನ ಹಂಚಿ ಹೋದ್ರೆ ಮಾತ್ರ ನಮ್ಮ ಗುಂಪಿಗೆ ಜಾಗ ಇತ್ತು, ಒಂದರ ಹಿಂದೆ ಒಂದು ಅಂತ ಹೋದ್ರೆ ಯಾವ ದಿನಾನೂ ಇರ್ಲಿಲ್ಲ.

ಅಷ್ಟಕ್ಕೆ ಮುಗೀತು ಅಂದ್ಕೊಂಡೆ, ಆಗ ದೊಡ್ಡ ತೊಡಕು ಎದುರಾಯ್ತು. ಹೊರಗೆ ಒದ್ದೆ ಬೂಟುಗಳ ಸಾಲು.

ಒಂದು ಕೆರೆಯ ನೀರು, ಕೆಸರು, ಗಿಡದ ಚೂರು ಇನ್ನೊಂದು ಕೆರೆಗೆ ಹೋಗಬಾರದು ಅನ್ನೋದನ್ನ ಬಹಳ ಜನ ಲಘುವಾಗಿ ತಗೋತಾರೆ, ದಯವಿಟ್ಟು ಹಾಗೆ ಮಾಡ್ಬೇಡಿ. ನ್ಯೂಜಿಲೆಂಡ್ ಮಡ್ ಸ್ನೇಲ್ ಅನ್ನೋ 5 ಮಿಲಿಮೀಟರ್ ಆಸುಪಾಸಿನ ಬಸವನಹುಳ ಇದೆ, ಗಂಡು ಬೇಕಾಗೇ ಇಲ್ಲ, ಒಂದೇ ಒಂದು ಹೆಣ್ಣು ಬೂಟಿನ ಲೇಸಿನ ಸಂದಿಯಲ್ಲಿ ಕೂತು ಬಂದ್ರೂ ಇಡೀ ಸಂತತಿ ಶುರುಮಾಡುತ್ತೆ. 1987ರಲ್ಲಿ ಅಮೆರಿಕದ ಐಡಹೋದಲ್ಲಿ ಸ್ನೇಕ್ ನದಿಯಲ್ಲಿ ಕಾಣಿಸ್ಕೊಂಡಿದ್ದು ಆಮೇಲೆ ಆ ದೇಶದ ಪಶ್ಚಿಮದ ಎಷ್ಟೋ ನೀರಿಗೆ ಹರಡಿದೆ. ಇತ್ತ ಅದೇ ನ್ಯೂಜಿಲೆಂಡಲ್ಲಿ 2004ರಲ್ಲಿ ಡಿಡಿಮೊ ಅನ್ನೋ ಪಾಚಿ ಸಿಕ್ತು, 2008ರಲ್ಲಿ ಅವರು ಫೆಲ್ಟ್ ಸೋಲ್ ಇರೋ ಬೂಟುಗಳನ್ನೇ ಮೀನು ಹಿಡಿಯೋಕೆ ನಿಷೇಧ ಮಾಡಿದ್ರು, ಆ ಉಣ್ಣೆ ಥರದ ತಳ ಒಣಗೋದೇ ಇಲ್ಲ ಅಂತ. ಅವರ ಸಲಹೆ ಏನು ಅಂದ್ರೆ ನೋಡಿ, ತೊಳೀರಿ, ಒಣಗಿಸಿ, ಒಣಗಿಸೋದು ಅಂದ್ರೆ ಒಳಗೂ ಹೊರಗೂ ಕೈಗೆ ತೇವ ತಾಗದಷ್ಟು ಒಣಗಿದ ಮೇಲೂ ಇನ್ನೂ 48 ಗಂಟೆ ಬಿಡಬೇಕು. ನಮಗೆ ಸಿಗೋದು ಒಂದು ರಾತ್ರಿ. 60 ಡಿಗ್ರಿಗಿಂತ ಬಿಸಿ ನೀರಲ್ಲಿ ಮುಳುಗಿಸೋ ದಾರಿನೂ ಇದೆ, ಅದು ವೇಡರ್‌ಗಳ (ನೀರಿಗಿಳಿಯೋಕೆ ಹಾಕೋ, ನೀರು ಒಳಗೆ ಬಿಡದ ಪ್ಯಾಂಟು) ಅಂಟಿಗೆ ಒಳ್ಳೇದಲ್ಲ, ಬೂಟಿನ ದಪ್ಪ ಭಾಗಕ್ಕೆ ಬಿಸಿ ಇಳಿಯೋಕೂ ಹೊತ್ತು ಬೇಕು, ಅಷ್ಟು ಜೊತೆ ಬೂಟಿಗೆ ಅದನ್ನ ಸರಿಯಾಗಿ ಮಾಡೋ ವ್ಯವಸ್ಥೆ ನಮ್ಮಲ್ಲಿ ಇರ್ಲಿಲ್ಲ. ಅಂದ್ರೆ ನನ್ನ ಮೊದಲ ಪ್ಲಾನ್ ಬರೀ ಜನಜಂಗುಳಿಯ ತಪ್ಪಲ್ಲ, ಕೆಸರು ಜೊಂಡು ಇರೋ ಕೆರೆಯಿಂದ ಶುರುಮಾಡಿ ಕೊನೆಗೆ ಅತಿ ಶುದ್ಧವಾದ ಕೆರೆಗೆ ಹೋಗೋ ಪ್ಲಾನ್ ಅದು, ಕೊಳೆ ಕೈಯಲ್ಲಿ ದೇವರ ಮನೆ ಕಡೆಗೆ ಹೊರಟಂಗೆ.

ಇದಕ್ಕೆ ದಾರಿ ತೋರಿಸಿದ್ದು ನದಿ ಅಭ್ಯಾಸ ಇದ್ದ ಗೆಳತಿ. ಜನ ಕೆರೆ ಬದಲಾಯಿಸಿದ್ರೆ ಏನೂ ಆಗಲ್ಲ, ಸಾಮಾನು ಬದಲಾಯಿಸಬಾರದು ಅಷ್ಟೇ ತಾನೇ, ಹಾಗಾದ್ರೆ ಸಾಮಾನನ್ನ ಜನರಿಗೆ ಹಂಚೋದು ಬಿಟ್ಟು ಕೆರೆಗೆ ಹಂಚೋಣ ಅಂದ್ಲು. ಎಷ್ಟು ನೇರವಾದ ಮಾತು ನೋಡಿ. ಎಲ್ಲರ ಸಾಮಾನನ್ನೂ ತಂದು ಎರಡು ಗುಡ್ಡೆ ಮಾಡಿದ್ವಿ, ಇವತ್ತು ನೀರು ಕಂಡಿದ್ದು, ಕಾಣದ್ದು. ನಾಲ್ಕು ಟ್ಯೂಬಲ್ಲಿ ಎರಡು ಇನ್ನೂ ಗಾಳಿಯೇ ತುಂಬಿರ್ಲಿಲ್ಲ, ಒಣಗಿದ್ವು. ಬಾಡಿಗೆಗೆ ತಂದಿದ್ದ ವೇಡರಲ್ಲಿ ಎರಡು ಹಾಗೇ ಮಡಚಿದ್ವು. ಸ್ಪೇರ್ ರಾಡ್ ನಾಲ್ಕು, ಎಲ್ಲದಕ್ಕೂ ಬೇರೆ ರೀಲು ಲೈನು, ಮುಟ್ಟದ ಬಲೆ ಎರಡು. ಒಣ ಟ್ಯೂಬು, ಒಣ ವೇಡರು, ಎರಡು ರಾಡು, ಒಂದು ಬಲೆ ಕಾಡು ಕೆರೆಯದ್ದು ಅಂತ ಹಗ್ಗ ಕಟ್ಟಿ ಇಟ್ವಿ. ಇನ್ನೆರಡು ರಾಡು, ಇನ್ನೊಂದು ಬಲೆ ಮೇಲಿನ ಕೆರೆಯದ್ದು, ಅಲ್ಲಿ ನೀರಿಗೆ ಕಾಲೇ ಇಡೋ ಹಾಗಿಲ್ಲ, ನಡೆಯೋ ಒಣ ಶೂ ಹಾಕ್ಕೊಂಡು ಬಂಡೆ ಮೇಲಿಂದಾನೇ ಎಸೀಬೇಕು. ಒದ್ದೆ ಗುಡ್ಡೆ ಪೂರ್ತಿ ರಸ್ತೆ ಕೆರೆಗೆ. ಯಾವತ್ತು ಯಾರು ಎಲ್ಲಿಗೆ ಹೋದ್ರೂ ಆ ಕೆರೆಯ ಸಾಮಾನನ್ನೇ ಹಿಡೀಬೇಕು. ಫ್ಲೈಗಳಿಗೂ ಅದೇ, ಒಂದು ಕೆರೆಯಲ್ಲಿ ಒದ್ದೆಯಾದ ಫ್ಲೈ ಆ ಕೆರೆಯ ಡಬ್ಬಿಗೇ ವಾಪಸ್.

ಎರಡನೇ ದಿನ ನಾನು, ಮಂಡಿ ನೋವಿನ ಗೆಳೆಯ, ಇಬ್ಬರು ಹೊಸಬರು ರಸ್ತೆ ಕೆರೆಗೆ. ಹೊಸಬರಿಗೆ ಕೆರೆಯಲ್ಲಿ ಏನು ಕಲಿಸ್ಬೇಕು ಅನ್ನೋದರಲ್ಲಿ ನನ್ನ ಮನಸ್ಸು ಬದಲಾಗಿದೆ. ಮೊದಲ ದಿನ ಪೂರ್ತಿ ದೂರ ಎಸೆಯೋದನ್ನ ಹೇಳ್ಕೊಟ್ಟಿದ್ದೆ, ಕೈ ನೋವು ಬಿಟ್ರೆ ಅವರಿಗೆ ಏನೂ ದಕ್ಕಲಿಲ್ಲ. ಈ ಸಲ ಇಂಡಿಕೇಟರ್ (ಮೀನು ಕಚ್ಚಿದ್ರೆ ಮುಳುಗೋ ಸಣ್ಣ ಬೆಂಡು) ಕಟ್ಟಿ ಕೈರೋನಮಿಡ್ ಪ್ಯೂಪಾ ಥರದ ಫ್ಲೈ ಇಳಿಬಿಡೋದು ಹೇಳ್ಕೊಟ್ಟೆ, ಎಂಟು ಮೀಟರ್ ಎಸೆದ್ರೂ ಸಾಕು. ಕೈರೋನಮಿಡ್ ಅಂದ್ರೆ ಸೊಳ್ಳೆ ಥರಾನೇ ಕಾಣೋ ಕಚ್ಚದ ಹುಳ, ಅದರ ಮರಿ ತಳದ ಕೆಸರಲ್ಲಿರುತ್ತೆ, ಕೆಲವದರಲ್ಲಿ ನಮ್ಮ ರಕ್ತದ ಹಾಗೇ ಹಿಮೋಗ್ಲೋಬಿನ್ ಇರೋದ್ರಿಂದ ಕೆಂಪಗಿರುತ್ತೆ, ಆಮ್ಲಜನಕ ಕಮ್ಮಿ ಇರೋ ಕೆಸರಲ್ಲೂ ಬದುಕುತ್ತೆ, ಪ್ಯೂಪಾ (ಕೋಶದ ಹಂತ) ಆದ್ಮೇಲೆ ನಿಧಾನಕ್ಕೆ ಮೇಲಕ್ಕೆ ಏರುತ್ತೆ. ಆ ಏರೋ ಹೊತ್ತಲ್ಲಿ ಟ್ರೌಟ್ ಬಾಯಿ ತೆರ್ಕೊಂಡು ಕಾಯ್ತಿರುತ್ತೆ. ಇಲ್ಲಿ ಆಳ ಸರಿ ಇಲ್ದಿದ್ರೆ ಬೇರೆ ಏನು ಸರಿ ಇದ್ರೂ ಪ್ರಯೋಜನ ಇಲ್ಲ. ನಮ್ಮ ವಿಧಾನ ಇದು: ಫ್ಲೈಗೆ ಹಿಮೋಸ್ಟ್ಯಾಟ್ ಇಕ್ಕಳ ಕಚ್ಚಿಸಿ ನೇರ ಕೆಳಗೆ ಬಿಡೋದು, ತಳ ಮುಟ್ಟಿದಾಗ ನೀರಿನ ಮಟ್ಟದಲ್ಲಿ ಲೀಡರ್ ಎಲ್ಲಿದೆಯೋ ನೋಡ್ಕೊಂಡು ಇಂಡಿಕೇಟರನ್ನ ಅದಕ್ಕಿಂತ 30 ಸೆಂಟಿಮೀಟರ್ ಫ್ಲೈ ಕಡೆಗೆ ಸರಿಸಿ ಕಟ್ಟೋದು, ಇಕ್ಕಳ ತೆಗೆದು ಎಸೆದ್ರೆ ಫ್ಲೈ ತಳದಿಂದ 30 ಸೆಂಟಿಮೀಟರ್ ಮೇಲೆ ನೇತಾಡುತ್ತೆ. ಹಾಗಂತ ಇದನ್ನ ಮಾಡೋಕೆ ಕಾಲ ಕೆಳಗೇ ಆಳ ಬೇಕು, ದಡದ ಪಕ್ಕ ಆಗಲ್ಲ, ರಸ್ತೆ ಕೆರೆಯಲ್ಲಿ ಒಂದು ಹಳೇ ಮರದ ಅಟ್ಟಣೆ ಇತ್ತು, ಅದರ ತುದಿಯಲ್ಲಿ ಅಳೆದ್ವಿ. ಆಮೇಲೆ ಕಾಯೋದು. ನಿಜವಾಗ್ಲೂ ಕಾಯೋದು, ಎಳೆಯೋ ಹಾಗಿಲ್ಲ. ಇಂಡಿಕೇಟರ್ ಮುಳುಗಿದ್ದು ನೋಡಿ ಹೊಸಬರಲ್ಲಿ ಒಬ್ಬರು ರಾಡ್ ಎತ್ತೋದನ್ನೇ ಮರೆತು ನಿಂತ್ಬಿಟ್ರು, ಎರಡನೇ ಸಲ ಎತ್ತಿದ್ರು, ಮೀನು ಬಂತು. ನಾಲ್ಕು ಜನಕ್ಕೆ ಒಂಬತ್ತು ಮೀನು ಆ ದಿನ, ಅದೂ ಮಧ್ಯಾಹ್ನದೊಳಗೆ.

ಮಧ್ಯಾಹ್ನ ಯಾಕೆ ನಿಲ್ಲಿಸಿದ್ವಿ ಅಂದ್ರೆ ಮೇಲ್ನೀರು 19 ಡಿಗ್ರಿ ಆಗಿತ್ತು. 10 ಡಿಗ್ರಿ ನೀರು ಲೀಟರಿಗೆ ಸುಮಾರು 11.3 ಮಿಲಿಗ್ರಾಂ ಆಮ್ಲಜನಕ ಹಿಡ್ಕೊಳ್ಳುತ್ತೆ, 20 ಡಿಗ್ರಿಗೆ ಅದು 9.1ಕ್ಕೆ ಇಳಿಯುತ್ತೆ, ಅದೇ ಹೊತ್ತಿಗೆ ಮೀನಿನ ಮೈಗೆ ಬೇಕಾಗೋದು ಜಾಸ್ತಿಯಾಗುತ್ತೆ. ಹಿಡಿದು ಬಿಡ್ತೀವಿ ಅಂತ ಹೇಳ್ಕೊಂಡು 20 ಡಿಗ್ರಿ ನೀರಲ್ಲಿ ಟ್ರೌಟ್ ಜೊತೆ ಗುದ್ದಾಡೋದು ಅದನ್ನ ಕೊಂದಂಗೇ. 18 ದಾಟಿದ್ರೆ ಲೈನ್ ಸುತ್ತೋದು ಅಂತ ಮೊದಲೇ ಒಪ್ಪಿದ್ವಿ, ಒಂದು ಡಿಗ್ರಿ ಲೇಟಾಗಿ ನಿಲ್ಲಿಸಿದ್ದಕ್ಕೆ ನನಗೆ ಬೇಜಾರಿದೆ, ಹನ್ನೊಂದೂವರೆಗೆ ಒಂದು ಸಲ ಥರ್ಮಾಮೀಟರ್ ನೋಡ್ಬೇಕಿತ್ತು. ಫೋಟೋ ವಿಷಯದಲ್ಲೂ ಗಟ್ಟಿ ನಿಯಮ ಇತ್ತು. 1992ರಲ್ಲಿ ಫರ್ಗ್ಯುಸನ್ ಮತ್ತು ಟಫ್ಟ್ಸ್ ಅನ್ನೋರು ಪ್ರಕಟಿಸಿದ ಪ್ರಯೋಗ ಇದೆ, ರೇನ್‌ಬೋ ಟ್ರೌಟನ್ನ ಸುಸ್ತಾಗೋವರೆಗೆ ಓಡಿಸಿ ನೀರಲ್ಲೇ ಬಿಟ್ಟಾಗ 12 ಗಂಟೆ ಆದ್ಮೇಲೆ ನೂರಕ್ಕೆ 88 ಬದುಕಿದ್ವು, ಸುಸ್ತಾದ ಮೇಲೆ 30 ಸೆಕೆಂಡ್ ಗಾಳಿಯಲ್ಲಿ ಇಟ್ಟಾಗ 62, ಒಂದು ನಿಮಿಷ ಇಟ್ಟಾಗ 28. ಇದನ್ನ ಗಾಡೀಲೇ ಎಲ್ಲರಿಗೂ ಓದಿ ಹೇಳಿದ್ದೆ. ಆಮೇಲೆ ಯಾರಿಗೂ ಮೀನು ಎತ್ತಿ ಹಿಡಿದು ನಿಲ್ಲೋ ಮನಸ್ಸೇ ಬರ್ಲಿಲ್ಲ, ಬಲೆ ನೀರಲ್ಲೇ, ಕೈ ಒದ್ದೆ, ಕೊಕ್ಕೆ ಜಾರಿಸಿ ಬಿಡೋದು.

ಕಾಡು ಕೆರೆಯಲ್ಲಿ ಇಬ್ಬರಿಗೆ ಏಳು ಮೀನು. ಅಲ್ಲಿ ಡ್ಯಾಮ್ಸೆಲ್ ನಿಂಫ್ ನಡೀತು, ಏರೋಪ್ಲೇನ್ ಚಿಟ್ಟೆಯ ಸಣಕಲು ತಂಗಿ ಅಂತೀವಲ್ಲ ಅದರ ಮರಿ, ನೀರಿಂದ ಹೊರಗೆ ಬರೋಕೆ ದಡದ ಗಿಡಗಳ ಕಡೆಗೆ ಈಜುತ್ತೆ, ಹಾಗಾಗಿ ಟ್ಯೂಬಲ್ಲಿ ಕೂತು ದಡದ ಕಡೆ ಎಸೆದು ನಡುವಿಗೆ ಎಳೆದ್ರೆ ಅದು ಉಲ್ಟಾ, ದಡದ ಹತ್ರ ಕೂತು ನಡುವಿಗೆ ಎಸೆದು ದಡಕ್ಕೆ ಎಳೀಬೇಕು. ಇದನ್ನ ಕಂಡುಹಿಡಿಯೋಕೆ ಅವರಿಗೆ ಎರಡು ಗಂಟೆ ಬೇಕಾಯ್ತಂತೆ. ಆದ್ರೆ ಅಲ್ಲಿ ನನಗೆ ಎದೆ ಧಸಕ್ ಅನ್ನೋ ವಿಷಯವೂ ಆಯ್ತು. ಬೆಳಗ್ಗೆ ಗಾಳಿ ಇರ್ಲಿಲ್ಲ, ಮನಸ್ಸು ಎಳೆದ ಕಡೆಗೆ ತೇಲಿಕೊಂಡು ಹೋಗಿದ್ದಾರೆ, ಹನ್ನೊಂದಕ್ಕೆ ಗಾಳಿ ಎದ್ದಿದೆ, ಅದರಲ್ಲೊಬ್ಬ ಎಷ್ಟು ಕಾಲು ಬಡಿದ್ರೂ ಟ್ಯೂಬ್ ಮುಂದಕ್ಕೆ ಬಂದಿಲ್ಲ. ಕೊನೆಗೆ ಎದುರು ದಡಕ್ಕೇ ಹೋಗಿ ಹತ್ತಿ, ಟ್ಯೂಬ್ ಹೊತ್ಕೊಂಡು ಕಾಡೊಳಗೆ ಸುತ್ತಿ ಬಂದಿದ್ದಾನೆ. ಲೈಫ್ ಜಾಕೆಟ್ ಹಾಕಿದ್ದ, ಸೀಟಿ ಇತ್ತು, ಜೊತೆಯವನು ಕಣ್ಣಿಗೆ ಕಾಣ್ತಾ ಇದ್ದ, ಅಪಾಯ ಏನೂ ಆಗ್ಲಿಲ್ಲ. ಆದ್ರೆ ತಣ್ಣೀರಿನ ಲೆಕ್ಕ ಕಟುವಾಗಿದೆ, ಕೆನಡಾದ ಗಾರ್ಡನ್ ಗೀಸ್‌ಬ್ರೆಕ್ಟ್ ಹೇಳೋ 1-10-1 ಅಂತ ಒಂದು ಸೂತ್ರ ಇದೆ: ತುಂಬ ತಣ್ಣಗಿರೋ ನೀರಿಗೆ ಬಿದ್ದ ಮೊದಲ ಒಂದು ನಿಮಿಷ ಉಸಿರು ಹತೋಟಿಗೆ ತರೋಕೆ, ಆಮೇಲಿನ 10 ನಿಮಿಷ ಕೈಕಾಲು ಮಾತು ಕೇಳುತ್ತೆ, ಸುಮಾರು ಒಂದು ಗಂಟೆಗೆ ಪ್ರಜ್ಞೆ ಹೋಗೋ ಹಂತ. ಹಾಗಾಗಿ ಮೂರನೇ ದಿನದಿಂದ ಟ್ಯೂಬ್ ಇಳಿಸೋ ಜಾಗಾನೇ ಬದಲಾಯಿಸಿದ್ವಿ, ಮೊದಲು ಗಾಳಿಗೆ ಎದುರಾಗಿ ಹೋಗೋದು, ವಾಪಸ್ ಬರುವಾಗ ಗಾಳಿಯೇ ಮನೆಗೆ ತಳ್ಳಬೇಕು. ನೀರ ಮೇಲೆ ಬಿಳಿ ನೊರೆ ಕಂಡ್ರೆ ದಡಕ್ಕೆ. ಫೋನ್ ಸಿಗ್ನಲ್ ನಂಬೋ ಹಾಗಿರ್ಲಿಲ್ಲ, ಮೂರೂ ಗುಂಪು ಹನ್ನೆರಡೂವರೆಗೆ ಗಾಡಿ ಹತ್ರ ಇರಬೇಕು, ಇಲ್ದಿದ್ರೆ ಹುಡುಕೋಕೆ ಹೊರಡ್ತೀವಿ ಅನ್ನೋ ಮಾತು ಮಾತ್ರ ಇತ್ತು, ಗುಂಪು ಚದುರಿಸಿದ ಮೇಲೆ ಈ ಒಂದು ಮಾತು ತಪ್ಪಬಾರದು. ಗುಡುಗಿದ್ರೆ ಏನು ಅನ್ನೋದೂ ತೀರ್ಮಾನ ಆಗಿತ್ತು, ಗ್ರಾಫೈಟ್ ರಾಡಲ್ಲಿ ಕರೆಂಟ್ ಹರಿಯುತ್ತೆ, ಮಿಂಚಿಗೂ ಗುಡುಗಿಗೂ 30 ಸೆಕೆಂಡಿಗಿಂತ ಕಮ್ಮಿ ಇದ್ರೆ ಗಾಡಿಗೆ ಓಡೋದು, ಕೊನೇ ಗುಡುಗಿನಿಂದ 30 ನಿಮಿಷ ಆಚೆ ಬರೋ ಹಾಗಿಲ್ಲ. ಅದೃಷ್ಟಕ್ಕೆ ಗುಡುಗಲಿಲ್ಲ.

ಮುಂದಿನ ಟ್ರಿಪ್‌ಗೆ ಹಾಳೆ ಈಗಾಗ್ಲೇ ಬರೆದಿಟ್ಟಿದ್ದೀವಿ. ಮೊದಲ ಸಾಲಲ್ಲಿ ಜನರ ಹೆಸರಿಲ್ಲ, ಕೆರೆಗಳ ಹೆಸರಿದೆ, ಪಕ್ಕದಲ್ಲಿ ತೆರೆದ ದಡ ಎಷ್ಟು ಮೀಟರ್, ಎಷ್ಟು ಜನ ಹಿಡಿಸುತ್ತೆ, ಯಾವ ಸಾಮಾನು ಅಲ್ಲಿಯದ್ದು, ಎಷ್ಟು ಗಂಟೆಗೆ ನೀರು 18 ಡಿಗ್ರಿ ಆಗ್ಬಹುದು. ಜನ ಜಾಸ್ತಿ ಆದ್ರೆ ಇನ್ನೊಂದು ಕೆರೆ ಹುಡುಕೋದು, ಕೆರೆ ಸಿಗದಿದ್ರೆ ಎರಡು ಟ್ರಿಪ್ ಮಾಡೋದು. ಎಲ್ಲರೂ ಒಟ್ಟಿಗೆ ಇರ್ಬೇಕು ಅನ್ನೋ ಆಸೆ ತಪ್ಪಲ್ಲ, ಅದಕ್ಕೆ ಸಂಜೆ ಇದೆ, ಮೂರು ಕೆರೆಯಿಂದ ಮೂರು ಥರದ ಸುದ್ದಿ ಬಂದ ಆ ಎರಡನೇ ಸಂಜೆ ನಾವು ಮೊದಲ ದಿನಕ್ಕಿಂತ ಜಾಸ್ತಿ ಮಾತಾಡಿದ್ವಿ.

ಮೂರನೇ ದಿನ ಮೇಲಿನ ಕೆರೆಗೆ ನಾನೂ ಹೊಸಬರಲ್ಲಿ ಒಬ್ಬರೂ ಹೋದ್ವಿ. ಹಿಂದಿನ ದಿನ ಹೋದ ಇಬ್ಬರು ಬೆಳಗ್ಗೆಯಿಡೀ ಎಸೆದು ಬರೀ ಎರಡು ಮೀನು ಹಿಡಿದಿದ್ರು, ಮೀನು ಕಾಣುತ್ತೆ ಆದ್ರೆ ಲೈನ್ ನೀರಿಗೆ ಬಿದ್ದ ತಕ್ಷಣ ಮಾಯ ಅಂದಿದ್ರು. ನೀರು 11 ಡಿಗ್ರಿ, ಗಾಳಿ ಇಲ್ಲ. ಬಂಡೆ ಹಿಂದೆ ಬಗ್ಗಿ ಕೂತು ಮೊದಲು ಬರೀ ನೋಡಿದ್ವಿ. ಎರಡು ಟ್ರೌಟ್ ಎಡಗಡೆ ಇಳಿಜಾರಿನ ಅಂಚಲ್ಲಿ ಬಂದು, ನಮ್ಮ ಮುಂದೆ ಹಾದು, ಮುಳುಗಿದ ಮರದ ಹತ್ರ ತಿರುಗಿ ವಾಪಸ್ ಹೋದ್ವು. ಮತ್ತೆ ಬಂದ್ವು, ಅದೇ ದಾರಿ. ನನಗೆ ತಡೆಯೋಕೆ ಆಗ್ಲಿಲ್ಲ, ಎಸೆದೆ, ಲೈನಿನ ನೆರಳು ಬಿತ್ತು, ಎರಡೂ ಆಳಕ್ಕೆ ಇಳಿದ್ವು. ಗಡಿಯಾರ ನೋಡಿದೆ, 8:10. ರಾಡ್ ಕೆಳಗಿಟ್ಟೆ. ಜೊತೆಯವರಿಗೆ ಹೇಳಿದೆ, ಇನ್ನು ಇದು ನಿಮ್ಮ ನೀರು, ನಾನು ಮುಟ್ಟಲ್ಲ, ಅವು ವಾಪಸ್ ಬರೋವರೆಗೆ ಕಾಯೋಣ. ಫ್ಲೈಯನ್ನ ಅವುಗಳ ದಾರಿಯಲ್ಲಿ ಮೊದಲೇ ಎಸೆದು ತಳಕ್ಕೆ ಬಿಟ್ಟು, ಲೈನ್ ಸಡಿಲ ಮಾಡಿ ಕೂತ್ರು. ಅರ್ಧ ಗಂಟೆ ಏನೂ ಇಲ್ಲ. ಆಮೇಲೆ ಒಂದೇ ಒಂದು ಬಂತು, ದೊಡ್ಡದು, ಅದೇ ಅಂಚು ಹಿಡಿದು, ನಿಧಾನಕ್ಕೆ. ಮೂರು ಮೀಟರ್ ಇದ್ದಾಗ ಅವರು ಫ್ಲೈಯನ್ನ ಒಂದು ಗೇಣು ಎಳೆದ್ರು. ಮೀನು ವಾಲಿತು, ಬಾಯೊಳಗಿನ ಬಿಳುಪು ಕಂಡಿತು.

ನೋಟ್‌ಬುಕ್ಕಲ್ಲಿ ಬರೆದೆ: ಮೇಲಿನ ಕೆರೆ, ಒಂದು ಸಲ ಬೆದರಿದ ನೀರು ಮತ್ತೆ ಸರಿಹೋಗೋಕೆ 38 ನಿಮಿಷ. ಆ ಕೆರೆಯ ಮುಂದಿದ್ದ 2 ಅನ್ನೋ ಅಂಕಿಯನ್ನ ಹೊಡೆದು 1 ಮಾಡಿದೆ.